ಆಟದ ಕಟ್ಟೆ: ಗುಂಡಿನ ಮಳೆಯ ಸಂಚಿಕೆ

ಫಿನ್ಲೆಂಡಿನ ‘ಸಿಸ್ಟಮ್ ಇರೇಷರ್’ ಎಂಬ ಪುಟ್ಟ ತಂಡ 2018ರಲ್ಲಿ ಹೊರತಂದ ‘ಝೀರೋರೇಂಜರ್’ ಎಂಬ ಕಂಪ್ಯೂಟರ್ ಆಟದ ಬಗ್ಗೆ ಹೋದ ತಿಂಗಳು ನಾಲ್ಕು ಸಾಲು ಬರೆದಿದ್ದೆ. ಕೆಳಗೆ ನಮ್ಮ ಪುಟ್ಟ ವಿಮಾನ, ಮೇಲಿನಿಂದ ಇಳಿದು ಬರುವ ಶತ್ರುಗಳು, ನಡುವೆ ಗುಂಡುಗಳು. ಹಳೆಯ ಕಾಲದ, ನಾಣ್ಯ ಹಾಕಿ ಆಡುವ ಯಂತ್ರಗಳ ಜಾಡಿನಲ್ಲಿ ಮಾಡಿದ, ಕೈಗೂ ಕಣ್ಣಿಗೂ ಬೆವರಿಳಿಸುವ ಆಟ. ಆ ನಾಲ್ಕು ಸಾಲಿಗೆ ಬಂದಿರುವ ಪತ್ರಗಳನ್ನು ನೋಡಿದರೆ ಸೋತವರೆಲ್ಲ ನನ್ನ ವಿಳಾಸ ಹುಡುಕಿಕೊಂಡಂತಿದೆ. ಹಾಗಾಗಿ ಈ ಸಲ ಬೇರೆ ವಿಷಯಕ್ಕೆ ಜಾಗವಿಲ್ಲ.

ಪ್ರಶ್ನೆ: ನನಗೆ ಅರವತ್ತಮೂರು ವರ್ಷ, ಬ್ಯಾಂಕಿನಿಂದ ನಿವೃತ್ತ. ಮೊಮ್ಮಗ ಕಂಪ್ಯೂಟರಿಗೆ ಈ ಆಟ ಹಾಕಿಕೊಟ್ಟಿದ್ದಾನೆ. ಮೊದಲ ಹಂತ ಹೇಗೋ ಮುಗಿಯಿತು. ಎರಡನೆಯದರಲ್ಲಿ ಪರದೆಯ ತುಂಬ ಗುಂಡು, ಎತ್ತ ಹೋಗಬೇಕೆಂದೇ ತಿಳಿಯುವುದಿಲ್ಲ. ನನ್ನ ವಯಸ್ಸಿಗೆ ಇದು ಆಗದ ಕೆಲಸವೆ?
— ಹಾಸನದಿಂದ ಒಬ್ಬ ಓದುಗರು

ಸರ್, ಬ್ಯಾಂಕಿನಲ್ಲಿ ಮೂವತ್ತನಾಲ್ಕು ಕಾಲಮ್ಮಿನ ಲೆಡ್ಜರ್ ನೋಡಿದ ಕಣ್ಣು ನಿಮ್ಮದು. ಇದು ಆಗುತ್ತದೆ. ಆದರೆ ನೋಡುವ ಜಾಗ ಬದಲಾಗಬೇಕು. ಹೊಸಬರೆಲ್ಲ ಶತ್ರುವನ್ನು ನೋಡುತ್ತಾರೆ, ಅದು ಸಿಡಿಯಿತೇ ಇಲ್ಲವೇ ಎಂದು ಕಾಯುತ್ತಾರೆ. ಅದು ಸಿಡಿದರೆ ಸದ್ದಿನಲ್ಲೇ ತಿಳಿಯುತ್ತದೆ, ಬಿಡಿ. ದೃಷ್ಟಿ ನಿಮ್ಮ ವಿಮಾನದ ಮೂಗಿನಿಂದ ಎರಡು ಮೂರು ಬೆರಳಿನಷ್ಟು ಮೇಲೆ ನಿಲ್ಲಲಿ. ನಿಮಗೆ ತಗಲುವ ಗುಂಡು ಆ ಜಾಗವನ್ನು ದಾಟಿಯೇ ಬರಬೇಕು.

ಎರಡನೆಯ ಸಂಗತಿ, ನೀವು ಅಂದುಕೊಂಡಷ್ಟು ದೊಡ್ಡವರಲ್ಲ. ಇಂಥ ಆಟಗಳಲ್ಲಿ ವಿಮಾನದ ಚಿತ್ರ ಇಡೀ ಹೆಬ್ಬೆರಳಿನಷ್ಟಿದ್ದರೂ ಗುಂಡು ತಗಲಿತೆಂದು ಲೆಕ್ಕವಾಗುವ ಭಾಗ ನಟ್ಟನಡುವಿನ ಒಂದು ಚುಕ್ಕೆ ಮಾತ್ರ. ರೆಕ್ಕೆಯನ್ನು ಸವರಿಕೊಂಡು ಹೋದ ಗುಂಡಿಗೆ ಬೆಲೆಯಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಒಂದು ಸಂಜೆ ಗೆಲ್ಲುವ ಆಸೆ ಬಿಟ್ಟು, ಬೇಕೆಂದೇ ಗುಂಡುಗಳ ಪಕ್ಕಕ್ಕೆ ಹೋಗಿ ಉಜ್ಜಿ ನೋಡಿ. ಹೆದರಿಕೆ ಅರ್ಧ ಇಳಿಯುತ್ತದೆ.

ಮೂರನೆಯದೇ ನಿಜವಾದ ವಿದ್ಯೆ. ಗುಂಡುಗಳಲ್ಲಿ ಎರಡು ಜಾತಿ. ಒಂದು ಜಾತಿಯದು ಶತ್ರು ಹಾರಿಸಿದ ಕ್ಷಣದಲ್ಲಿ ನೀವು ಎಲ್ಲಿದ್ದಿರೋ ಆ ಜಾಗಕ್ಕೆ ಗುರಿಯಿಟ್ಟು ಹೊರಡುತ್ತದೆ. ಹೊರಟ ಮೇಲೆ ಸಾಮಾನ್ಯವಾಗಿ ತಿರುಗುವುದಿಲ್ಲ. ಇನ್ನೊಂದು ಜಾತಿ ನಿಮ್ಮನ್ನು ಲೆಕ್ಕಕ್ಕೇ ಇಡದೆ ವೃತ್ತವಾಗಿಯೋ ಸುರುಳಿಯಾಗಿಯೋ ಹರಡಿಕೊಳ್ಳುತ್ತದೆ. ಮೊದಲನೆಯದು ಬಂದಾಗ ಪರದೆಯ ಎಡ ಮೂಲೆಗೆ ಹೋಗಿ, ಅಲ್ಲಿಂದ ಬಲಕ್ಕೆ ನಿಧಾನವಾಗಿ, ಕೀಲಿಯನ್ನು ಒತ್ತಿ ಹಿಡಿಯದೆ ತಟ್ಟುತ್ತಾ ಸರಿಯಿರಿ. ಗುಂಡುಗಳೆಲ್ಲ ನಿಮ್ಮ ಬೆನ್ನ ಹಿಂದೆಯೇ ಬೀಳುತ್ತಾ ಬರುತ್ತವೆ. ಬಲಗೋಡೆ ಹತ್ತಿರವಾದಾಗ ಒಮ್ಮೆ ಸ್ವಲ್ಪ ದೊಡ್ಡ ಹೆಜ್ಜೆ ಇಟ್ಟರೆ ಆ ಸಾಲಿನಲ್ಲಿ ಒಂದು ಸಂದು ಬಿಡುತ್ತದೆ. ಅದರೊಳಗಿನಿಂದ ನುಸುಳಿ ಎಡಕ್ಕೆ ವಾಪಸಾಗಿ. ಎರಡನೆಯ ಜಾತಿಗೆ ಇದು ನಡೆಯುವುದಿಲ್ಲ. ಅಲ್ಲಿ ಸಂದು ನೋಡಿ ನಿಲ್ಲುವುದೇ ಕೆಲಸ.

ಇನ್ನೊಂದು ಗುಟ್ಟು. ಗುರಿಯಿಟ್ಟು ಬರುವ ಗುಂಡುಗಳು ಒಟ್ಟಿಗೆ ಮೂರೋ ಐದೋ ಬಂದರೆ ನಡುವಿನದು ನಿಮ್ಮ ಎದೆಗೇ ಬರುತ್ತದೆ, ಸರಿಯಬೇಕು. ಎರಡೋ ನಾಲ್ಕೋ ಬಂದರೆ ನಡುವಿನಲ್ಲಿ ಗುಂಡಿಲ್ಲ, ನಿಮ್ಮ ಎರಡೂ ಪಕ್ಕದಲ್ಲಿ ಹಾದುಹೋಗುತ್ತವೆ. ಅಲುಗಾಡಿದವರಷ್ಟೇ ಸಾಯುತ್ತಾರೆ. ಬೆಸ ಬಂದರೆ ಸರಿ, ಸಮ ಬಂದರೆ ನಿಲ್ಲು. ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಳ್ಳಿ, ಮೊಮ್ಮಗನಿಗೆ ಮಾತ್ರ ತೋರಿಸಬೇಡಿ.

ಪ್ರಶ್ನೆ: ನಾಣ್ಯ ಹಾಕುವ ಕಾಲ ಹೋಯಿತಲ್ಲ? ಆಗ ಜನ ಬೇಗ ಸಾಯಲಿ, ಮತ್ತೆ ದುಡ್ಡು ಹಾಕಲಿ ಎಂದು ಕಷ್ಟ ಮಾಡಿದ್ದರು. ಈಗ ಒಮ್ಮೆ ದುಡ್ಡು ಕೊಟ್ಟು ಕೊಂಡ ಆಟವನ್ನೂ ಇಷ್ಟು ಕಷ್ಟ ಮಾಡುವುದು ಯಾವ ನ್ಯಾಯ?
— ಬೆಂಗಳೂರಿನ ಮಲ್ಲೇಶ್ವರದಿಂದ

ನಿಮ್ಮ ಪ್ರಶ್ನೆಯ ಮೊದಲರ್ಧ ಎಷ್ಟು ನಿಜವೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ನನ್ನ ಅಣ್ಣ ವಿಡಿಯೊ ಗೇಮ್ ಪಾರ್ಲರ್ ಇಟ್ಟಿದ್ದ. ಶಾಲೆ ಮುಗಿಸಿ ಬಂದು ಟೋಕನ್ ಡಬ್ಬಿಯ ಮುಂದೆ ಕೂರುತ್ತಿದ್ದವಳು ನಾನು. ಯಂತ್ರದ ಹಿಂಬದಿಯ ಬಾಗಿಲು ತೆಗೆದರೆ ಒಳಗೆ ಹಸಿರು ಬೋರ್ಡು, ಅದರ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ಸ್ವಿಚ್ಚುಗಳು ಎಂಟೆಂಟರ ಸಾಲಿನಲ್ಲಿ. ಡಿಪ್ ಸ್ವಿಚ್ ಎನ್ನುತ್ತಾರೆ. ಯಾವುದನ್ನು ಮೇಲೆ ಮಾಡಿದರೆ ಐದು ಜೀವ, ಯಾವುದನ್ನು ಕೆಳಗೆ ಮಾಡಿದರೆ ಎರಡು ಜೀವ, ಶತ್ರುಗಳು ಎಷ್ಟು ಚುರುಕಾಗಬೇಕು, ಎಷ್ಟು ಅಂಕಕ್ಕೆ ಹೆಚ್ಚುವರಿ ಜೀವ ಸಿಗಬೇಕು, ಎಲ್ಲವನ್ನೂ ಅವೇ ತೀರ್ಮಾನಿಸುತ್ತಿದ್ದವು. ಬೆರಳು ಹಿಡಿಸದು, ಹೇರ್‌ಪಿನ್ನಿನ ತುದಿಯಿಂದ ಸರಿಸಬೇಕು. ಪರೀಕ್ಷೆಯ ತಿಂಗಳಲ್ಲಿ ಗಿರಾಕಿ ಕಡಿಮೆ, ಆಗ ಅಣ್ಣ ‘ಸ್ವಲ್ಪ ಸಡಿಲ ಮಾಡು’ ಎನ್ನುತ್ತಿದ್ದ. ದಸರಾ ರಜೆ ಬಂತೆಂದರೆ ‘ಬಿಗಿ ಮಾಡು’. ಮಾಡುತ್ತಿದ್ದೆ. ಹುಡುಗರು ತಮ್ಮ ಕೈ ಸೋತಿತೆಂದು ತಿಳಿದು ಮತ್ತೆ ಟೋಕನ್ ಕೇಳುತ್ತಿದ್ದರು.

ಈಗ ನಿಮ್ಮ ಪ್ರಶ್ನೆಯ ಎರಡನೆಯರ್ಧ. ಕಷ್ಟಕ್ಕೆ ದುಡ್ಡೊಂದೇ ಕಾರಣವಾಗಿದ್ದರೆ ದುಡ್ಡಿನ ಡಬ್ಬಿಯ ಜೊತೆಗೆ ಕಷ್ಟವೂ ಹೋಗಬೇಕಿತ್ತು. ಹೋಗಲಿಲ್ಲ. 1993ರಲ್ಲಿ ಜಪಾನಿನ ಟೋಆಪ್ಲಾನ್ ಕಂಪನಿ ‘ಬಟ್ಸುಗನ್’ ಎಂಬ ಯಂತ್ರ ತಂದಿತು. ಗುಂಡು ವಿಪರೀತ ಹೆಚ್ಚು, ಆದರೆ ನಿಧಾನ, ತಗಲುವ ಚುಕ್ಕೆಯೂ ಸಣ್ಣದು. ಮರುವರ್ಷವೇ ಕಂಪನಿ ದಿವಾಳಿಯಾಯಿತು. ಅಲ್ಲಿಂದ ಹೊರಬಿದ್ದ ಕೆಲವರು ‘ಕೇವ್’ ಎಂಬ ಕಂಪನಿ ಕಟ್ಟಿ 1995ರಲ್ಲಿ ‘ಡೊನ್‌ಪಾಚಿ’ ಮಾಡಿದರು. ಗುಂಡಿನ ಮಳೆಯ ಆಟಗಳ ವಂಶ ಬೆಳೆದದ್ದು ಅಲ್ಲಿಂದ. ಆ ಯಂತ್ರಗಳ ಮುಂದೆ ನಿಂತವರು ಕಂಡುಕೊಂಡದ್ದು ಇಷ್ಟೇ: ವೇಗದ ಒಂದೇ ಗುಂಡಿಗೆ ಗಕ್ಕನೆ ಸಾಯುವುದು ಮೋಸ ಹೋದಂತೆ ಅನಿಸುತ್ತದೆ, ನಿಧಾನವಾಗಿ ಬರುವ ನೂರು ಗುಂಡುಗಳ ನಡುವೆ ಸತ್ತರೆ ತಪ್ಪು ಎಲ್ಲಿ ಆಯಿತೆಂದು ಕಣ್ಣಿಗೇ ಕಾಣುತ್ತದೆ.

ಝೀರೋರೇಂಜರ್ ಮಾಡಿದವರು ಈ ಎರಡನೆಯ ಬಗೆಯ ಕಷ್ಟವನ್ನು ಹಿಡಿದುಕೊಂಡಿದ್ದಾರೆ. ಅದರಲ್ಲಿ ನೀವು ಗಳಿಸಿದ ಅಂಕ ಸತ್ತ ಮೇಲೂ ಒಟ್ಟು ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ, ಆ ಒಟ್ಟು ಬೆಳೆದಂತೆ ಮುಂದುವರಿಸುವ ಅವಕಾಶಗಳೂ ಹೆಚ್ಚುತ್ತವೆ. ತಲುಪಿದ ಹಂತದಿಂದಲೇ ಶುರು ಮಾಡಬಹುದು. ಅಣ್ಣನ ಯಂತ್ರಗಳಲ್ಲಿ ಇಂಥ ಸ್ವಿಚ್ ಇರಲಿಲ್ಲ. ಇದ್ದಿದ್ದರೂ ಅವನು ಮುಟ್ಟಲು ಬಿಡುತ್ತಿರಲಿಲ್ಲ.

ಆಟದಲ್ಲಿ ದೋಷವೇ ಇಲ್ಲವೆಂದಲ್ಲ. ಕಿತ್ತಳೆ ಮತ್ತು ಹಸಿರು, ಈ ಎರಡೇ ಬಣ್ಣಗಳಲ್ಲಿ ಇಡೀ ಜಗತ್ತನ್ನು ಬರೆದಿದ್ದಾರೆ. ಚೆಲುವೇನೋ ಹೌದು, ಆದರೆ ಕೆಂಪು ಹಸಿರು ಬೇರ್ಪಡಿಸಲು ಕಷ್ಟಪಡುವ ಕಣ್ಣುಗಳಿಗೆ ಇದು ಹೇಗೆ ಕಂಡೀತೆಂದು ನನಗೆ ಕಸಿವಿಸಿ. ಸಂಗೀತಕ್ಕೆ ಮಾತ್ರ ನೂರಕ್ಕೆ ನೂರು.

ಪ್ರಶ್ನೆ: ಟೈಪ್ ಮಾಡುವಾಗ ಕೀಬೋರ್ಡ್ ಸರಿಯಾಗಿಯೇ ಇದೆ. ಆಟದಲ್ಲಿ ಮಾತ್ರ ಮೇಲೆ ಮತ್ತು ಎಡ ಒಟ್ಟಿಗೆ ಒತ್ತಿದಾಗ ಗುಂಡು ಹಾರುವುದೇ ನಿಂತುಹೋಗುತ್ತದೆ. ಆಟದ ದೋಷವೆ?
— ಮಂಗಳೂರಿನಿಂದ

ಕೀಬೋರ್ಡಿನದು. ಅಗ್ಗದ ಕೀಬೋರ್ಡಿನೊಳಗೆ ಪ್ರತಿ ಕೀಲಿಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಜಾಲವೊಂದಿದ್ದು, ಎರಡು ಸಾಲು ಕೂಡುವ ಕಡೆ ಒಂದು ಕೀಲಿ. ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದನ್ನೂ ಒತ್ತಿದಂತೆ ಅದಕ್ಕೆ ಕಾಣುತ್ತದೆ. ಆ ಗೊಂದಲ ಬೇಡವೆಂದು ಮೂರನೆಯ ಕೀಲಿಯನ್ನೇ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡು ಬಾಣದ ಕೀಲಿ ಮತ್ತು ಸ್ಪೇಸ್, ಇದು ಅನೇಕ ಕೀಬೋರ್ಡುಗಳಲ್ಲಿ ಕೆಡುವ ಕೂಟ. ಗುಂಡು ಹಾರಿಸುವುದನ್ನು ಶಿಫ್ಟ್ ಅಥವಾ ಕಂಟ್ರೋಲ್ ಕೀಲಿಗೆ ಬದಲಿಸಿ ನೋಡಿ, ಅವನ್ನು ಸಾಮಾನ್ಯವಾಗಿ ಈ ಗೊಂದಲಕ್ಕೆ ಸಿಗದಂತೆ ಜೋಡಿಸಿರುತ್ತಾರೆ. ಶಿಫ್ಟ್ ಪದೇಪದೇ ಒತ್ತಿದರೆ ವಿಂಡೋಸ್ ಏನೋ ಕೇಳುತ್ತಾ ಅಡ್ಡ ಬರುತ್ತದೆ, ಸೆಟ್ಟಿಂಗ್ಸಿನಲ್ಲಿ ಅದರ ಬಾಯಿ ಮುಚ್ಚಿಸಿ.

ಟಿವಿಗೆ ಜೋಡಿಸಿ ಆಡುವವರಿಗೂ ಇಲ್ಲೇ ಒಂದು ಮಾತು. ಚಿತ್ರವನ್ನು ಚೆಂದ ಮಾಡುವ ಭರದಲ್ಲಿ ಟಿವಿಗಳು ಅದನ್ನು ಕೊಂಚ ತಡವಾಗಿ ತೋರಿಸುತ್ತವೆ. ಸಿನಿಮಾಕ್ಕೆ ಇದರಿಂದ ನಷ್ಟವಿಲ್ಲ, ಇಲ್ಲಿ ಜೀವ ಹೋಗುತ್ತದೆ. ‘ಗೇಮ್ ಮೋಡ್’ ಹುಡುಕಿ ಹಾಕಿಕೊಳ್ಳಿ.

ಪ್ರಶ್ನೆ: ಚೀಟ್ ಕೋಡ್ ಇದ್ದರೆ ತಿಳಿಸಿ.
— ತುಮಕೂರಿನಿಂದ

ಇದೇ ಪುಟದ ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ಕೊನೆಯ ತನಕ ಬಂದೆ. ಆಟ ಏನೋ ಕೇಳಿತು, ಹೌದು ಎಂದೆ. ಸೋತೆ. ಈಗ ತೆರೆದರೆ ನಾನು ಗಳಿಸಿದ್ದೆಲ್ಲ ಮಾಯ! ಎಲ್ಲ ಹಂತಗಳೂ ಹೋಗಿವೆ. ಇದು ಬಗ್ ಅಲ್ಲವೆ? ದುಡ್ಡು ವಾಪಸ್ ಕೇಳಲೆ?
— ಬೆಳಗಾವಿಯ ವಿದ್ಯಾರ್ಥಿ

(ಆಟ ಮುಗಿಸದವರು ಈ ಉತ್ತರ ಬಿಟ್ಟು ಮುಂದೆ ಹೋಗಿ. ಪ್ರಶ್ನೆಯನ್ನು ಆಗಲೇ ಓದಿದ್ದರೆ ಸಂಪಾದಕರನ್ನು ಬೈಯಿರಿ, ಪ್ರಶ್ನೆ ಮೊದಲು ಉತ್ತರ ಆಮೇಲೆ ಎಂಬುದು ಅವರ ಹಟ.)

ಬಗ್ ಅಲ್ಲ. ‘ಏನೋ ಕೇಳಿತು’ ಎಂದಿರಲ್ಲ, ಅದು ಕೇಳಿದ್ದು ಇದನ್ನೇ. ಕೊನೆಯ ಸೆಣಸಿಗೆ ನಿನ್ನ ಸೇವ್, ಅಂದರೆ ಈವರೆಗೆ ಗಳಿಸಿದ್ದರ ದಾಖಲೆ, ಪಣಕ್ಕಿಡುತ್ತೀಯಾ ಎಂದು. ನೀವು ಇಟ್ಟಿರಿ. ಸೋತವರ ಸೇವ್ ಅಳಿಸಿ ಹೋಗುತ್ತದೆ.

ಅನ್ಯಾಯ ಎನಿಸುವುದು ಸಹಜ. ಆದರೆ ಈ ಆಟ ಮೊದಲಿನಿಂದ ಯಾವ ಧಾಟಿಯಲ್ಲಿ ಮಾತಾಡುತ್ತಾ ಬಂದಿದೆ ನೋಡಿ. ‘ನಿನಗೆ ಜ್ಞಾನೋದಯವಾಗಲಿ’ ಎಂದು ಹಾರೈಸುವ ಬೇರೆ ವಿಮಾನದ ಆಟ ಯಾವುದಿದೆ? ಬೌದ್ಧ ಛಾಯೆ ಕಥೆಯುದ್ದಕ್ಕೂ ಇದೆ. ಹಂತ ಹಂತಕ್ಕೆ ಆಯುಧ ಕೊಟ್ಟು, ಎರಡರಲ್ಲಿ ಒಂದನ್ನು ಆರಿಸು ಎಂದು ಆಸೆ ಹಚ್ಚಿ, ವಿಮಾನವನ್ನು ರೋಬೋ ಆಗಿ ಮಾರ್ಪಡಿಸಿ ಬೀಗುವಂತೆ ಮಾಡಿ, ಕಡೆಗೆ ಇವನ್ನೆಲ್ಲ ಬಿಡಬಲ್ಲೆಯಾ ಎಂದು ಕೇಳುತ್ತದೆ. ಶ್ರವಣಬೆಳಗೊಳದ ಬೆಟ್ಟ ಹತ್ತಿದ ನಮಗೆ ಇದು ತೀರ ಹೊಸ ಕಥೆಯಲ್ಲ. ಅಣ್ಣನನ್ನು ಮೂರು ಯುದ್ಧಗಳಲ್ಲಿ ಗೆದ್ದ ಮೇಲೆ ರಾಜ್ಯ ಒಲ್ಲೆ ಎಂದ ಬಾಹುಬಲಿ ಅಲ್ಲಿ ನಿಂತಿದ್ದಾನೆ. ವ್ಯತ್ಯಾಸವೆಂದರೆ ಬಾಹುಬಲಿ ಗೆದ್ದು ಬಿಟ್ಟ, ನಿಮ್ಮನ್ನು ಗೆಲ್ಲುವ ಮೊದಲೇ ಬಿಡು ಎಂದರು.

ಎರಡು ವ್ಯಾವಹಾರಿಕ ಮಾತು. ಸೇವ್ ಫೈಲಿನ ಪ್ರತಿಯೊಂದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡು ಆಡುವವರಿದ್ದಾರೆ. ಯಾರೂ ಬಂದು ಹಿಡಿಯುವುದಿಲ್ಲ. ಪ್ರತಿ ಇಟ್ಟುಕೊಂಡು ಪಣ ಕಟ್ಟಿದರೆ ಆ ಕೊನೆಯ ಹತ್ತು ನಿಮಿಷಗಳಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ ಅಷ್ಟೇ, ಮತ್ತು ಇಡೀ ಆಟ ಕಟ್ಟಿರುವುದೇ ಆ ಹತ್ತು ನಿಮಿಷಕ್ಕಾಗಿ. ಇನ್ನೊಂದು, ಎರಡನೆಯ ಸಲ ನೀವು ಅಲ್ಲಿಗೆ ಬಹಳ ಬೇಗ ತಲುಪುತ್ತೀರಿ. ಅವರು ಅಳಿಸಿದ್ದು ಕಂಪ್ಯೂಟರಿನಲ್ಲಿದ್ದದ್ದನ್ನು. ಯಾವ ಬಾಸ್ (ಹಂತದ ಕೊನೆಗೆ ಬರುವ ದೊಡ್ಡ ಶತ್ರು) ಯಾವಾಗ ಎಡಕ್ಕೆ ತಿರುಗುತ್ತಾನೆಂಬುದು ನಿಮ್ಮ ಬೆರಳಿಗೆ ಬಾಯಿಪಾಠವಾಗಿದೆ. ದುಡ್ಡು ವಾಪಸ್ ಕೇಳುವ ವಿಚಾರ ಆಮೇಲೆ ನೋಡೋಣ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ದಿನಾ ಈ ವಿಮಾನದ ಆಟ. ಸತ್ತಾಗಲೆಲ್ಲ ಕಿರುಚುತ್ತಾನೆ, ಮೊನ್ನೆ ಮೌಸ್ ಎಸೆದ. ಬರೀ ಗುಂಡು ಹಾರಿಸುವ ಆಟದಿಂದ ಮನಸ್ಸು ಕೆಡುವುದಿಲ್ಲವೆ?
— ಶಿವಮೊಗ್ಗದಿಂದ ಒಬ್ಬ ತಾಯಿ

ಅಮ್ಮಾ, ಹೊಸ ಮೌಸ್ ಅವನ ಕೈಖರ್ಚಿನಿಂದಲೇ ಬರಲಿ. ಅದು ಮೊದಲು.

ಉಳಿದಂತೆ ನಿಮ್ಮ ಪುಣ್ಯ ಎನ್ನುತ್ತೇನೆ. ಮೊಬೈಲಿನಲ್ಲಿ ಬರುವ ಅನೇಕ ಆಟಗಳು ವಜ್ರ ಕೊಳ್ಳು, ನಾಣ್ಯ ಕೊಳ್ಳು, ನಾಳೆ ಬಾರದಿದ್ದರೆ ಬಹುಮಾನ ತಪ್ಪುತ್ತದೆ ಎಂದು ಕೊರಳಿಗೆ ಹಗ್ಗ ಹಾಕುತ್ತವೆ. ಅಪರಿಚಿತರು ಮಾತಿಗೆ ಎಳೆಯುತ್ತಾರೆ. ಇದರಲ್ಲಿ ಅವೊಂದೂ ಇಲ್ಲ. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಶತ್ರುಗಳು ಮನುಷ್ಯರಲ್ಲ, ಬಣ್ಣದ ಯಂತ್ರಗಳು. ಈ ಬಗೆಯ ಆಟಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಸುತ್ತು ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು, ಆದ್ದರಿಂದ ‘ಒಂದು ಗಂಟೆ’ ಎನ್ನುವ ಬದಲು ‘ಎರಡು ಸುತ್ತು’ ಎಂದು ಒಪ್ಪಂದ ಮಾಡಿಕೊಳ್ಳಿ. ನಡುವೆ ಪ್ಲಗ್ ಮಾತ್ರ ಕೀಳಬೇಡಿ, ಆಮೇಲೆ ಆಗುವ ಜಗಳಕ್ಕೆ ನಾನು ಹೊಣೆಯಲ್ಲ.

ಒಂದು ವಿಷಯದಲ್ಲಿ ಮಾತ್ರ ನಗೆಯಿಲ್ಲ. ಈ ಆಟಗಳಲ್ಲಿ ಪರದೆ ಜೋರಾಗಿ ಮಿನುಗುತ್ತದೆ. ಅವನಿಗಾಗಲಿ ಮನೆಯಲ್ಲಿ ಬೇರೆ ಯಾರಿಗಾಗಲಿ ಮೂರ್ಛೆರೋಗದ ಹಿನ್ನೆಲೆ ಇದ್ದರೆ ವೈದ್ಯರನ್ನು ಕೇಳದೆ ಆಡಿಸಬೇಡಿ. ಕತ್ತಲೆ ಕೋಣೆಯಲ್ಲಿ ಆಡುವುದಂತೂ ಯಾರಿಗೂ ಬೇಡ, ದೀಪ ಹಾಕಿರಲಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ತುಂಬ ಹಳೆಯದು, ಉಬುಂಟು ಹಾಕಿದ್ದೇನೆ. ಆಟಕ್ಕೆ ಖರ್ಚು ಮಾಡುವ ಸ್ಥಿತಿಯಿಲ್ಲ. ಇಂಥದ್ದೇ ಬೇರೆ ಏನಾದರೂ?
— ಕಲಬುರಗಿಯಿಂದ

ಈ ಪ್ರಶ್ನೆಗೆ ಕಾಯುತ್ತಿದ್ದೆ. ಜಪಾನಿನ ಕೆಂಟಾ ಚೋ ಎಂಬವರು ‘ಎಬಿಎ ಗೇಮ್ಸ್’ ಹೆಸರಿನಲ್ಲಿ ಒಬ್ಬರೇ ಕೂತು ಮಾಡಿ, ಉಚಿತವಾಗಿ, ಮೂಲ ಕೋಡ್ ಸಮೇತ ಕೊಟ್ಟಿರುವ ಆಟಗಳಿವೆ. ನಿಮ್ಮ ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲೇ ಹುಡುಕಿ: ಪಾರ್ಸೆಕ್47, ಆರ್‌ರೂಟೇಜ್, ಟೊರಸ್ ಟ್ರೂಪರ್, ಟುಮಿಕಿ ಫೈಟರ್ಸ್. 2003-04ರ ಸುಮಾರಿನವು, ನಿಮ್ಮ ಲ್ಯಾಪ್‌ಟಾಪಿಗೆ ಭಾರವಾಗವು.

ಆರ್‌ರೂಟೇಜಿನಲ್ಲಿ ಸಣ್ಣ ಶತ್ರುಗಳೇ ಇಲ್ಲ, ನೇರವಾಗಿ ಬಾಸ್. ಪಾರ್ಸೆಕ್47 ಆಡಿದರೆ ವೇಗ ಎಂದರೇನೆಂದು ತಿಳಿಯುತ್ತದೆ. ನನ್ನ ಅಕ್ಕರೆ ಮಾತ್ರ ಟುಮಿಕಿ ಫೈಟರ್ಸ್ ಮೇಲೆ. ಮಕ್ಕಳ ಮರದ ತುಂಡುಗಳಿಂದ ಮಾಡಿದ ವಿಮಾನ ನಿಮ್ಮದು. ಶತ್ರುವನ್ನು ಹೊಡೆದಾಗ ಉದುರುವ ತುಂಡನ್ನು ಹೋಗಿ ಹಿಡಿದರೆ ಅದು ನಿಮ್ಮ ವಿಮಾನಕ್ಕೆ ಅಂಟಿಕೊಂಡು ನಿಮ್ಮ ಪರವಾಗಿ ಗುಂಡು ಹಾರಿಸುತ್ತದೆ. ಅಂಟಿಸಿಕೊಂಡಷ್ಟೂ ಬಲ, ಅಂಟಿಸಿಕೊಂಡಷ್ಟೂ ಗಾತ್ರ. ಅದನ್ನೇ ಆಧರಿಸಿ 2008ರಲ್ಲಿ ನಿಂಟೆಂಡೊ ವೀ ಯಂತ್ರಕ್ಕೆ ಅಂಗಡಿಯಲ್ಲಿ ಮಾರುವ ಆಟವನ್ನೇ ಮಾಡಿದರು. ನಿಮಗೆ ಮೂಲವೇ ಬಿಟ್ಟಿ.

ಪ್ರಶ್ನೆ: ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ವೇಗ ಹೆಚ್ಚುವುದೇಕೆ? ತರಗತಿಯಲ್ಲಿ ಮಕ್ಕಳು ಕೇಳಿದರು.
— ಭೌತಶಾಸ್ತ್ರ ಶಿಕ್ಷಕಿ, ಚಿತ್ರದುರ್ಗ

1978ರಲ್ಲಿ ಟೈಟೊ ಕಂಪನಿಗಾಗಿ ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ಅವರ ಕೈಯಲ್ಲಿದ್ದದ್ದು ಇಂಟೆಲ್ 8080 ಪ್ರೊಸೆಸರ್. ಪರದೆಯ ಮೇಲೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಸೆಕೆಂಡಿಗೆ ಸುಮಾರು ಅರವತ್ತು ಸಲ ಚಿತ್ರ ಬದಲಾಗುತ್ತದೆ, ಒಂದು ಸಲಕ್ಕೆ ಒಬ್ಬನೇ ಶತ್ರು ಹೆಜ್ಜೆ ಇಡುತ್ತಾನೆ. ಐವತ್ತೈದು ಮಂದಿ ಇದ್ದಾಗ ಒಬ್ಬೊಬ್ಬನ ಸರದಿ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡ್. ಇಬ್ಬರೇ ಉಳಿದರೆ ಸೆಕೆಂಡಿನಲ್ಲಿ ಮೂವತ್ತು ಸರದಿ. ಒಬ್ಬನೇ ಉಳಿದರೆ ಎಲ್ಲ ಸರದಿಯೂ ಅವನದೇ. ಯಂತ್ರದ ಮಿತಿಯಿಂದ ತಾನಾಗಿ ಬಂದ ಈ ಏರುವೇಗವನ್ನು ನಿಶಿಕಾಡೊ ಸರಿಪಡಿಸಲು ಹೋಗದೆ ಹಾಗೇ ಉಳಿಸಿಕೊಂಡರು. ಮಕ್ಕಳಿಗೆ ಬೋರ್ಡಿನ ಮೇಲೆ ಭಾಗಾಕಾರವಾಗಿ ಹಾಕಿಕೊಡಿ, ಖುಷಿಪಡುತ್ತಾರೆ.

ಪ್ರಶ್ನೆ: ನಾವು ನಾಲ್ವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಇಂಥದ್ದೊಂದು ಆಟ ಮಾಡಬೇಕೆಂದಿದ್ದೇವೆ. ‘ಆಟ ಮಾಡುವುದೂ ಒಂದು ಪ್ರಾಜೆಕ್ಟೇ?’ ಎಂದು ಗೈಡ್ ನಗುತ್ತಾರೆ. ಎಲ್ಲಿಂದ ಶುರು ಮಾಡಬೇಕು?
— ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಗ್ರಾಫಿಕ್ಸಿನಿಂದ ಶುರು ಮಾಡಬೇಡಿ. ನಿಮ್ಮ ವಿಮಾನ ಒಂದು ಚೌಕ, ಶತ್ರು ಇನ್ನೊಂದು ಚೌಕ, ಗುಂಡು ಒಂದು ವೃತ್ತ. ಎರಡು ಬಿಂದುಗಳ ನಡುವಿನ ಕೋನ ಕಂಡುಹಿಡಿದು ಆ ದಿಕ್ಕಿಗೆ ಗುಂಡು ಬಿಡುವುದು ಮೊದಲ ವಾರದ ಕೆಲಸ. ಚೌಕದಿಂದ ತಪ್ಪಿಸಿಕೊಳ್ಳುವುದೇ ಮಜವಾಗಿಲ್ಲದಿದ್ದರೆ ಬಣ್ಣ ಬಳಿದರೂ ಆಗದು.

ಗೈಡ್ ನಗುವುದನ್ನು ನಿಲ್ಲಿಸಬೇಕೆಂದರೆ ಗುಂಡಿನ ನಡೆಯನ್ನು ಪ್ರೋಗ್ರಾಮಿನೊಳಗೆ ಬರೆಯದೆ ಬೇರೆ ಕಡತದಲ್ಲಿ ವಿವರಿಸಿ. ಕೆಂಟಾ ಚೋ ಇದಕ್ಕಾಗಿ ಬುಲೆಟ್‌ಎಂಎಲ್ ಎಂಬ ಪುಟ್ಟ ಭಾಷೆಯನ್ನೇ ರೂಪಿಸಿದ್ದಾರೆ. ಎಕ್ಸ್‌ಎಂಎಲ್ ಮಾದರಿಯದು: ಈ ದಿಕ್ಕು, ಈ ವೇಗ, ಇಷ್ಟು ಸಲ ಪುನರಾವರ್ತನೆ, ಇಷ್ಟು ಹೊತ್ತು ತಡೆ. ಅದನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ನೀವೇ ಬರೆದರೆ ವರದಿಯಲ್ಲಿ ಒಂದು ಇಡೀ ಅಧ್ಯಾಯಕ್ಕೆ ಸರಕಾಯಿತು. ಸಾವಿರ ಗುಂಡುಗಳಿಗೆ ಸಾವಿರ ಸಲ ಹೊಸದಾಗಿ ಮೆಮೊರಿ ಕೇಳುವ ಬದಲು ಮೊದಲೇ ಒಂದು ರಾಶಿ ತೆಗೆದಿಟ್ಟು ಅವನ್ನೇ ಮತ್ತೆ ಮತ್ತೆ ಬಳಸಿ. ಇಲ್ಲದಿದ್ದರೆ ಡೆಮೊ ದಿನ ಸರಿಯಾಗಿ ಬಾಸ್ ಬರುವ ಹೊತ್ತಿಗೆ ಪರದೆ ಎಳೆದಾಡುತ್ತದೆ. ಅದು ಇನ್ನೊಂದು ಅಧ್ಯಾಯ. ಝೀರೋರೇಂಜರಿಗೆ ಹಲವು ವರ್ಷ ಹಿಡಿದಿದೆ, ನಿಮಗಿರುವುದು ಎರಡು ಸೆಮಿಸ್ಟರ್. ಆದ್ದರಿಂದ ಒಂದೇ ಹಂತ, ಒಂದೇ ಬಾಸ್.

ಡೆಮೊ ದಿನ ನೀವು ಆಡಿ ತೋರಿಸಬೇಡಿ. ಗೈಡ್ ಕೈಗೇ ಕೀಬೋರ್ಡ್ ಕೊಡಿ, ಐದು ಜೀವ ಹಾಕಿ, ಶತ್ರುಗಳನ್ನು ಸ್ವಲ್ಪ ಸಡಿಲ ಮಾಡಿ. ಹೊರಗಿನ ಪರೀಕ್ಷಕರು ಕೂತಾಗ ಬಿಗಿ ಮಾಡಬಹುದು.